ಮೇಡಂ ಅವರ ಎಡಗಾಲು

ನಮ್ಮ ಸಂಸಾರ ನಡೆದದ್ದು ನನ್ನ ಗಡಿಯಾರದ ಅಂಗಡಿಯಿಂದ ಎಂದು ಬೀದಿಯ ಜನ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ, ನನಗೇನೂ ನಷ್ಟವಿಲ್ಲ. ಆದರೆ ಅರವತ್ತಾರನೇ ವಯಸ್ಸಿನಲ್ಲಿ ಸುಳ್ಳು ಯಾಕೆ ಹೇಳಲಿ? ಮೂವತ್ತೊಂಬತ್ತು ವರ್ಷ ಈ ಮನೆ ನಿಂತದ್ದು ನನ್ನ ಹೆಂಡತಿಯ ಎಡಗಾಲಿನ ಮೇಲೆ.

ಅವಳು ಕಾರು ಕಲಿಸುವವಳು. ಬಲಗಡೆ ಸ್ಟೀರಿಂಗ್ ಹಿಡಿದು ಬೆವರುವುದು ಕಲಿಯುವವರ ಕೆಲಸ. ಎಡಗಡೆಯ ಸೀಟಿನಲ್ಲಿ ಇವಳು ಕೈಕಟ್ಟಿ ಕೂತಿರುತ್ತಾಳೆ. ನೋಡಿದವರಿಗೆ ಆಹಾ, ಎಂಥ ಸುಖದ ಕೆಲಸ ಅನ್ನಿಸಬೇಕು. ಆದರೆ ಕಾಲ ಕೆಳಗೆ ನೋಡಬೇಕು. ಅವಳ ಕಡೆಗೂ ಎರಡು ಪೆಡಲ್ ಇರುತ್ತವೆ. ಬಲಗಾಲಿಗೆ ಬ್ರೇಕು, ಎಡಗಾಲಿಗೆ ಕ್ಲಚ್ಚು. ಕಲಿಯುವವನು ಗೇರ್ ಬದಲಾಯಿಸುವಾಗ ಕ್ಲಚ್ ಮರೆತರೆ ಇವಳ ಎಡಗಾಲು ಒತ್ತುತ್ತದೆ. ಅವನು ಅರ್ಧ ಬಿಟ್ಟರೆ ಉಳಿದರ್ಧವನ್ನು ಇವಳ ಕಾಲು ಸಂಭಾಳಿಸುತ್ತದೆ. ದಿನಕ್ಕೆ ಎಂಟು ಜನ, ವಾರಕ್ಕೆ ಆರು ದಿನ. ನಮ್ಮೂರಿನಲ್ಲಿ ಇವತ್ತು ಮೀಸೆ ತಿರುವಿಕೊಂಡು ಗಾಡಿ ಓಡಿಸುವ ಎಷ್ಟೋ ಗಂಡಸರು ಆ ಕಾಲಿನ ದಯೆಯಿಂದ ಲೈಸೆನ್ಸ್ ಪಡೆದವರು.

ಊರಿಗೆಲ್ಲ ಅವಳು ಮೇಡಂ. ನನಗೂ ಮೇಡಂ, ಯಾಕೆಂದರೆ ನಾನೂ ಅವಳ ಶಿಷ್ಯ. ಮನೆಯೊಳಗೆ ಅವಳನ್ನು ನೀನು ಎನ್ನುತ್ತೇನೆ, ಗಾಡಿಯೊಳಗೆ ನೀವು. ಇದು ಮೊದಲಿನಿಂದಲೂ ಹೀಗೆಯೇ ನಡೆದು ಬಂದಿದೆ, ಇಬ್ಬರಿಗೂ ಅಡ್ಡಿಯಿಲ್ಲ.

ಆಗ ನನಗೆ ಇಪ್ಪತ್ತೇಳು. ಶಾಲೆ, ಬ್ಯಾಂಕು, ಕಚೇರಿಗಳ ಆಳೆತ್ತರದ ಗಡಿಯಾರಗಳನ್ನು ಹೊತ್ತು ತರಲು ಒಂದು ವ್ಯಾನ್ ತಗೊಳ್ಳೋಣ, ಅದಕ್ಕೆ ಮೊದಲು ಓಡಿಸಲು ಕಲಿಯೋಣ ಎಂದುಕೊಂಡು ಡ್ರೈವಿಂಗ್ ಶಾಲೆಗೆ ಹೋದೆ. ಮೇಜಿನ ಹಿಂದೆ ಹೆಸರು ಬರೆದುಕೊಳ್ಳುತ್ತಿದ್ದವರು ಇವಳ ಅಪ್ಪ. ಕಣ್ಣು ಮಂಜಾಗಿ ಅವರು ಕಲಿಸುವುದನ್ನು ಬಿಟ್ಟಿದ್ದರು. ಕಲಿಸುವವಳು ಮಗಳು ಎಂದು ಗೊತ್ತಾದಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಏನ್ ಸಾರ್, ಹುಡುಗಿ ಕಲಿಸ್ತಾರಾ?" ಎಂದೆ.

"ಕಲಿಯೋಕೆ ಬಂದಿರೋದು ನೀವು. ಅದನ್ನ ನೋಡ್ಕೊಳಿ. ಕಲಿಸೋರ ಚಿಂತೆ ನಮಗಿರಲಿ" ಎಂದರು ಮುಂದೆ ನನ್ನ ಮಾವ ಆಗಲಿದ್ದವರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೈ ನನ್ನದು. ಆದರೆ ಕಾಲು? ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕ್ಲಚ್ ಬಿಡು ಎಂದರೆ ಒಂದೇ ಸಲಕ್ಕೆ ಬಿಟ್ಟುಬಿಡುತ್ತಿತ್ತು. ಗಾಡಿ ಎರಡು ಸಲ ಕುಪ್ಪಳಿಸಿ ಆಫ್ ಆಗುತ್ತಿತ್ತು. ಹಿಂದಿನಿಂದ ಹಾರ್ನುಗಳ ಮೆರವಣಿಗೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಹಾರ್ನ್ ಹೊಡೆದವರ ಜೊತೆ ಜಗಳಕ್ಕೆ ಇಳಿಯುತ್ತಿದ್ದೆ.

ಮೇಡಂ ಬೈಯುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಸೀಮೆಸುಣ್ಣದ ತುಂಡು ತೆಗೆದು, ಇಳಿದು, ಗಾಡಿಯ ಮುಂದಿನ ಚಕ್ರದ ನೇರಕ್ಕೆ ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದಳು. "ಇವತ್ತು ಇಲ್ಲಿ ಆಫ್ ಆಯ್ತು. ನಾಳೆ ಇಲ್ಲಿಂದಲೇ ಶುರು" ಎನ್ನುತ್ತಿದ್ದಳು. ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು. ಮರುದಿನ ತಾನೇ ಗಾಡಿಯನ್ನು ಆ ಗೆರೆಗೆ ತಂದು ನಿಲ್ಲಿಸಿ, ಸೀಟು ಬದಲಾಯಿಸಿ, "ಹೂಂ, ಹೊರಡಿ" ಎನ್ನುವಳು. ಎಲ್ಲ ಶಿಷ್ಯರಿಗೂ ಇದೇ ಪದ್ಧತಿ. ಯಾರನ್ನೂ ಖಾಲಿ ಮೈದಾನಕ್ಕೆ ಕರೆದೊಯ್ದು ಸಮಾಧಾನ ಮಾಡಿದವಳಲ್ಲ. ಎಲ್ಲಿ ಕೈಕಾಲು ನಡುಗಿತೋ ಅಲ್ಲಿಗೇ ವಾಪಸ್ಸು. ಊರಿನ ಅಂಚುಕಲ್ಲುಗಳ ಮೇಲೆ ಆ ವರ್ಷ ಇದ್ದ ಗೆರೆಗಳಲ್ಲಿ ಮುಕ್ಕಾಲು ಪಾಲು ನನ್ನವು.

ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾದೆ. ನಾಲ್ಕನೆಯ ಸಲ ನೀರಿನ ಟ್ಯಾಂಕಿನ ಏರಿನಲ್ಲಿ. ಗಾಡಿ ಹಿಂದಕ್ಕೆ ಜಾರಿತು, ಕ್ಲಚ್ ಬಿಟ್ಟೆ, ಆಫ್. ಇನ್ಸ್‌ಪೆಕ್ಟರು ಬಾಗಿಲು ತೆಗೆದು ನಡೆದೇ ಹೋದರು. ಮೇಡಂ ಬಂದು ಗೆರೆ ಎಳೆದಳು. "ನಾಳೆ ಇಲ್ಲಿಂದಲೇ ಶುರು."

ನಾನು ಅಂಚುಕಲ್ಲಿನ ಮೇಲೆ ಕುಸಿದು ಕೂತೆ. "ಸಾಕು ಮೇಡಂ. ನಾಳೆಯಿಂದ ನಾನು ಬರಲ್ಲ. ಈ ಜನ್ಮಕ್ಕೆ ಇದು ನನಗೆ ಬರೋದಿಲ್ಲ. ಆದ್ರೆ ನಿಮ್ಮನ್ನ ನೋಡದೆ ಇರೋಕೂ ಆಗಲ್ಲ. ಏನ್ ಮಾಡ್ಲಿ ನೀವೇ ಹೇಳಿ" ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ.

ಅವಳು ಬೆರಳಿಗೆ ಹತ್ತಿದ್ದ ಸುಣ್ಣವನ್ನು ಊದಿದಳು. "ಅದನ್ನ ಅಪ್ಪನ ಹತ್ರ ಕೇಳಿ" ಎಂದಳು.

ಕೇಳಿದೆ. ಮದುವೆಯಾಯಿತು. ಆ ಗೆರೆಯಿಂದ ಮಾತ್ರ ನಾನು ಮುಂದಕ್ಕೆ ಹೊರಡಲೇ ಇಲ್ಲ. ವ್ಯಾನಿನ ಆಸೆಯೂ ಬಿಟ್ಟುಹೋಯಿತು. ದೊಡ್ಡ ಗಡಿಯಾರ ತರಬೇಕಾದಾಗಲೆಲ್ಲ ಪಾಠ ಮುಗಿಸಿದ ಮೇಲೆ ಅವಳೇ ಬಂದು ಹೇರಿಕೊಂಡು ಬರುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಗಡಿಯಾರವನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂರುತ್ತಿದ್ದೆ.

ಅಂಥ ಅವಳ ಎಡಗಾಲು ಹೋದ ವರ್ಷ ಕೈಕೊಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ನೋವು, ಆಮೇಲೆ ಕೂತರೆ ನೋವು, ನಿಂತರೆ ನೋವು. ಎರಡೂ ಮಂಡಿಗಳ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು.

"ಬಲಗಡೇದು ಅರವತ್ಮೂರು ವರ್ಷದ ಮಂಡಿ. ಎಡಗಡೇದು ನೂರಾ ಮೂರು. ಏನ್ ಕೆಲಸ ಮಾಡ್ತೀರಮ್ಮ ನೀವು?"

"ಕ್ಲಚ್ ಒತ್ತುತ್ತೀನಿ" ಎಂದಳು ಇವಳು.

ಆಪರೇಷನ್ ಆಯಿತು, ಹೊಸ ಮಂಡಿ ಬಂತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಕಾಲನ್ನು ಮೆಲ್ಲಗೆ ಊರಿ ಒತ್ತಬಹುದು. ದಿನಕ್ಕೆ ಸಾವಿರ ಸಲ ಕ್ಲಚ್ ತುಳಿಯುವುದು ಮಾತ್ರ ಇನ್ನು ಮುಗಿಯಿತು ಎಂದರು ಡಾಕ್ಟರು. ಇನ್ನೇನಿದ್ದರೂ ಆಟೋಮ್ಯಾಟಿಕ್.

ಆದರೆ ಶಾಲೆಯ ಗೋಡೆಯ ಮೇಲೆ ಮೇಡಂ ಕೈಯಾರೆ ಬರೆದು ತೂಗುಹಾಕಿದ ಒಂದು ಹಲಗೆಯಿತ್ತು: "ಇಲ್ಲಿ ಆಟೋಮ್ಯಾಟಿಕ್ ಕಲಿಸುವುದಿಲ್ಲ." ಕೇಳಿದವರಿಗೆಲ್ಲ, "ಅದು ಓಡಿಸೋದಲ್ಲ ರೀ, ಕೂತ್ಕೊಂಡು ಹೋಗೋದು. ಅದಕ್ಕೆ ಬಸ್ಸಿದೆ" ಎನ್ನುತ್ತಿದ್ದಳು. ಮಗಳು ಆಟೋಮ್ಯಾಟಿಕ್ ಕಾರು ತಗೊಂಡಾಗ ಒಂದು ತಿಂಗಳು ಅದರಲ್ಲಿ ಕಾಲಿಡಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಬೀದಿಯ ಕೊನೆಯ ಟೈಲರಮ್ಮ ಬಂದಿದ್ದಳು. ಅವಳಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಆಟೋಮ್ಯಾಟಿಕ್ ಆದರೆ ಓಡಿಸಬಲ್ಲೆ, ಕಲಿಸಿಕೊಡಿ ಎಂದು ಕೇಳಿದ್ದಳು. ಮೇಡಂ ಅವಳಿಗೆ ಬೆರಳು ಮಾಡಿ ಹಲಗೆ ತೋರಿಸಿದ್ದಳು.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ, ದಿಂಬಿನ ಮೇಲೆ ಕಾಲು ಚಾಚಿ ಮಲಗಿದ್ದವಳು ಇದ್ದಕ್ಕಿದ್ದಂತೆ, "ರೀ, ಆ ಟೈಲರಮ್ಮ ಅವತ್ತು ಹೇಗೆ ವಾಪಸ್ ಹೋದ್ಳು, ನಡ್ಕೊಂಡಾ?" ಎಂದಳು.

"ಮತ್ತೆ? ನಡ್ಕೊಂಡೇ" ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು.

ಇನ್ನೊಂದು ಗ್ರಹಚಾರವೂ ಇತ್ತು. ಕಲಿಸುವವರಿಗೆ ಇಂಥ ಆಪರೇಷನ್ ಆದರೆ ಸಾರಿಗೆ ಕಚೇರಿಯಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಎರಡು ಅವಕಾಶ. ಎರಡರಲ್ಲೂ ಆಗದಿದ್ದರೆ ಕಲಿಸುವ ಲೈಸೆನ್ಸ್ ರದ್ದು, ಅರವತ್ತು ದಾಟಿದವರಿಗೆ ಹೊಸದು ಕೊಡುವುದಿಲ್ಲ. ಅಂದರೆ ಶಾಲೆಗೆ ಬೀಗ. ಊಟಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಎದ್ದು ಕೀಲಿ ಝಣಝಣ ಮಾಡಿಕೊಂಡು ಹೊರಡದ ಮೇಡಂ ಹೇಗಿರುತ್ತಾಳೆ?

ಮಗಳು ತನ್ನ ಕಾರು ತಂದುಕೊಟ್ಟಳು. "ಅಮ್ಮ, ಇದರಲ್ಲಿ ಅಭ್ಯಾಸ ಮಾಡ್ಕೋ. ಚಿಕ್ಕ ಮಗೂನೂ ಓಡಿಸಬಹುದು."

"ಚಿಕ್ಕ ಮಗೂಗೆ ಕೊಡು ಹಾಗಾದ್ರೆ" ಎಂದಳು ಮೇಡಂ. ಆದರೂ ಹತ್ತಿದಳು.

ನಾನು ಹಿಂದೆ, ತೊಡೆಯ ಮೇಲೆ ಬ್ಯಾಂಕಿನ ಗೋಡೆ ಗಡಿಯಾರ. ಹೇಗೂ ಹೊರಟಿದ್ದಾಳೆ, ಕೊಟ್ಟು ಬರೋಣ ಎಂಬ ದುರಾಸೆ. ಗಾಡಿ ಬೆಣ್ಣೆಯಂತೆ ಹೊರಟಿತು. ಪರವಾಗಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಎದುರಿಗೆ ಕೆಂಪು ದೀಪ. ಮೇಡಂ ಬಲಗಾಲಿನಿಂದ ಮೆಲ್ಲಗೆ ಬ್ರೇಕ್ ಒತ್ತಿದಳು. ಅದೇ ಗಳಿಗೆಗೆ ಎಡಗಾಲು ತನ್ನ ಹಳೆಯ ಕೆಲಸಕ್ಕೆ ಎದ್ದು ಬಂತು, ಕ್ಲಚ್ಚನ್ನು ಹುಡುಕಿಕೊಂಡು. ಕ್ಲಚ್ ಎಲ್ಲಿದೆ? ಆಟೋಮ್ಯಾಟಿಕ್‌ನಲ್ಲಿ ಆ ಜಾಗಕ್ಕೂ ಚಾಚಿಕೊಂಡಂತೆ ಅಗಲವಾದ ಬ್ರೇಕ್ ಪೆಡಲೇ ಇರುತ್ತದೆ. ಎಡಗಾಲು ಅದನ್ನೇ ಕ್ಲಚ್ ಎಂದುಕೊಂಡು ಪೂರ್ತಿ ತಳಕ್ಕೆ ತುಳಿಯಿತು. ಗಾಡಿ ಮೂಗು ಊರಿ ನಿಂತಿತು. ನನ್ನ ಹಣೆ ಮುಂದಿನ ಸೀಟಿಗೆ, ಗಡಿಯಾರ ಕೆಳಗೆ, ಗಾಜು ಚೂರುಚೂರು.

"ಅಯ್ಯೋ ದೇವರೇ!" ಎಂದು ಕೂಗಿಕೊಂಡೆ. "ಏನ್ ಮೇಡಂ ಇದು, ಜೀವ ತೆಗೀತೀರಾ?"

"ನಾನಲ್ಲ ರೀ" ಎಂದಳು, ತನ್ನ ಕಾಲನ್ನೇ ನೋಡುತ್ತ. "ಇದು."

ಎಷ್ಟು ಉಪಾಯ ಮಾಡಿದೆವು! ಎಡಗಾಲಿನ ಚಪ್ಪಲಿ ತೆಗೆದು ನೋಡಿದಳು. ಕಾಲನ್ನು ಸೀಟಿನ ಕೆಳಗೆ ಮಡಿಸಿ ಇಟ್ಟುಕೊಂಡಳು, ಹೊಸ ಮಂಡಿ ಒಪ್ಪಲಿಲ್ಲ. ತೊಡೆಯ ಮೇಲೆ ಕೈಯಿಟ್ಟು ಅದುಮಿ ಹಿಡಿದಳು. ನೇರ ರಸ್ತೆಯಲ್ಲಿ ಎಲ್ಲ ಸರಿ. ನಿಲ್ಲಿಸಬೇಕು ಅನ್ನುವ ಕ್ಷಣ ಬಂತೋ, ಜಪ್ಪಯ್ಯ ಅಂದರೂ ಆ ಕಾಲು ಕೇಳುತ್ತಿರಲಿಲ್ಲ. ಕಾರು ಕಲಿಯದವನಿಗೆ ಈ ತೊಂದರೆ ಇಲ್ಲ, ಸುಮ್ಮನೆ ಓಡಿಸಿ ಬಿಟ್ಟವನಿಗೂ ಇಷ್ಟಿಲ್ಲ. ಇವಳು ತನ್ನ ಕ್ಲಚ್ಚನ್ನಲ್ಲದೆ ಊರಿನವರೆಲ್ಲರ ಕ್ಲಚ್ಚನ್ನೂ ಒತ್ತಿದವಳು. ಬೇರೆಯವರು ಮರೆಯುವುದಕ್ಕೆ ಮುಂಚೆಯೇ ನೆನಪಿಟ್ಟುಕೊಳ್ಳುವುದು ಆ ಕಾಲಿನ ಉದ್ಯೋಗವಾಗಿತ್ತು.

ಮೊದಲ ಟೆಸ್ಟಿನ ದಿನ ನಾನು ಸಾರಿಗೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಇಪ್ಪತ್ತೆರಡು ನಿಮಿಷಕ್ಕೆ ಗಾಡಿ ವಾಪಸ್ ಬಂತು. ಇನ್ಸ್‌ಪೆಕ್ಟರ್ ಹುಡುಗನಂಥವನು, ಹಣೆ ಉಜ್ಜಿಕೊಳ್ಳುತ್ತ ಇಳಿದ. ಅವನ ಹಣೆ ನೋಡಿಯೇ ಫಲಿತಾಂಶ ನನಗೆ ತಿಳಿಯಿತು. ಅಂಚೆ ಕಚೇರಿಯ ಸರ್ಕಲ್ಲಿನಲ್ಲಿ ಒಬ್ಬ ಅಜ್ಜ ರಸ್ತೆ ದಾಟುತ್ತಿದ್ದಾಗ ಎಡಗಾಲು ಬ್ರೇಕ್ ತುಳಿದಿತ್ತು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬಂಪರಿಗೆ ಬಂದು ತಾಗಿದ್ದ. ಯಾರಿಗೂ ಏಟಾಗಿರಲಿಲ್ಲ.

"ಮೇಡಂ, ನಮ್ಮಕ್ಕ ನಿಮ್ಮ ಹತ್ರಾನೇ ಕಲಿತಿದ್ದು" ಎಂದ ಅವನು, ನೆಲ ನೋಡುತ್ತ. "ಆದ್ರೂ ನಾನು ಪಾಸ್ ಮಾಡೋಕಾಗಲ್ಲ."

"ಪಾಸ್ ಮಾಡಿದ್ರೆ ನಿಮ್ಮ ಮೇಲೆ ನಾನೇ ದೂರು ಕೊಡ್ತಿದ್ದೆ" ಎಂದಳು ಮೇಡಂ. ಬೆನ್ನು ನೆಟ್ಟಗೇ ಇತ್ತು. ಮನೆಯ ಬಾಗಿಲು ದಾಟುವವರೆಗೂ ನೆಟ್ಟಗೇ ಇತ್ತು.

ಒಳಗೆ ಬಂದವಳೇ ಕಾಯುತ್ತಿದ್ದ ಶಿಷ್ಯರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ಬೇರೆ ಶಾಲೆ ನೋಡಿಕೊಳ್ಳಿ ಎಂದಳು. ಕೀಲಿಗೊಂಚಲನ್ನು ಮೊಳೆಗೆ ತೂಗುಹಾಕಿದಳು. "ಎರಡನೇ ಸಲಕ್ಕೆ ಹೋಗಲ್ಲ ರೀ. ಮುಚ್ಚಿಬಿಡೋಣ" ಎಂದಳು. ನನಗೆ ರೇಗಿತು. ಆದರೆ ಅವಳ ಮುಖ ನೋಡಿ ಕಾಫಿ ಕಾಯಿಸಲು ಒಳಗೆ ಹೋದೆ.

ಮೂರು ದಿನ ಅವಳು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಇವಳು ನೋಡುತ್ತಿದ್ದಳು. ಎದುರಿಗೆ ನಾನು ಮೇಜಿನ ಮೇಲೆ ಒಂದು ಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಸುಮ್ಮನೆ ಕೂತಿದ್ದೆ ಎನ್ನಿ, ಕೆಲಸವೆಲ್ಲಿ ಸಾಗೀತು?

ಮೂರನೆಯ ದಿನ ನನ್ನ ಕಿವಿಗೆ ಒಂದು ಸದ್ದು ಬಿತ್ತು. ಟಕ್. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಗಡಿಯಾರದವನ ಕಿವಿ ಇಂಥದ್ದನ್ನು ಬಿಡುವುದಿಲ್ಲ. ಮೇಜಿನ ಮೇಲಿದ್ದ ಗಡಿಯಾರ ಸತ್ತಿತ್ತು, ಅದಲ್ಲ. ಬಗ್ಗಿ ನೋಡಿದೆ. ಹೊರಗೆ ಯಾವುದೋ ಗಾಡಿ ತಿರುವಿನಲ್ಲಿ ಗೇರ್ ಇಳಿಸಿದಾಗಲೆಲ್ಲ ಮೇಡಂ ಎಡಗಾಲಿನಿಂದ ಕುರ್ಚಿಯ ಅಡ್ಡಪಟ್ಟಿಯನ್ನು ಒತ್ತುತ್ತಿದ್ದಳು. ಅವಳಿಗೇ ಗೊತ್ತಿಲ್ಲ. ಒತ್ತುವುದು, ಬಿಡುವುದು. ಪಟ್ಟಿ ಅಲ್ಲಾಡುವಂಥದ್ದಲ್ಲ. ಆದರೂ ಒತ್ತಿದ ಮೇಲೆ ಕಾಲಿಗೆ ಏನೋ ಸಮಾಧಾನವಾಗಿ ಸುಮ್ಮನಾಗುತ್ತಿತ್ತು.

ನಾನು ಎಂಥ ದಡ್ಡ ಎನ್ನಿಸಿತು. ಅಲ್ಲ, ಇಷ್ಟು ದಿನ ಆ ಕಾಲನ್ನು ಸುಮ್ಮನಿರಿಸಲು ಒದ್ದಾಡಿದೆವಲ್ಲ! ಅದಕ್ಕೆ ಬೇಕಿದ್ದದ್ದು ರಜೆಯಲ್ಲ, ಕೆಲಸ. ಬ್ಯಾಟರಿ ವಾಚುಗಳು ಬಂದ ಕಾಲದಲ್ಲಿ ಇವು ವಾಚೇ ಅಲ್ಲ ಎಂದು ನಾನೂ ಕುಣಿದಾಡಿದ್ದೆ. ಗಂಟುಮೋರೆ ಹಾಕಿಕೊಂಡು ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದವನ ಮುಂದೆ ಒಂದು ದಿನ ಇವಳು ಹತ್ತು ಸತ್ತ ಬ್ಯಾಟರಿ ವಾಚು ತಂದು ಸುರಿದು, "ಬೈಯೋದನ್ನ ಆಮೇಲೆ ಬೈಯಿರಿ, ಮೊದಲು ಕೈಗೆ ಕೆಲಸ ಕೊಡಿ" ಎಂದಿದ್ದಳು. ಅದರಿಂದಲೇ ನನ್ನ ಅಂಗಡಿ ಉಳಿಯಿತು.

ಅಂಗಡಿಗೆ ಓಡಿದೆ. ಒಂದು ಹಳೇ ಲೋಲಕದ ಗಡಿಯಾರದ ಪೆಟ್ಟಿಗೆಯಿತ್ತು, ಗಟ್ಟಿ ತೇಗ. ಅದರಿಂದ ಅಂಗೈಯಗಲದ ಒಂದು ತುಂಡು ಕೊಯ್ದು, ಪಾದ ಊರಲು ಓರೆಯಾಗಿ ಕೆತ್ತಿ, ಮೇಲೆ ಕಾಲೊರಸಿನ ಒರಟು ತುಣುಕು ಅಂಟಿಸಿದೆ. ಸಂಜೆ ಮಗಳ ಮನೆಗೆ ಹೋಗಿ ಕಾರಿನೊಳಗೆ ತಲೆ ತೂರಿಸಿದೆ.

"ಅಪ್ಪಾ! ನನ್ನ ಹೊಸ ಗಾಡಿಗೆ ಮೊಳೆ ಹೊಡೀತಿದ್ದೀಯಾ?"

"ಮೊಳೆ ಹೊಡೆಯೋಕೆ ನಾನೇನು ಬಡಗೀನಾ? ಸ್ಕ್ರೂ" ಎಂದೆ.

ಬ್ರೇಕಿನಿಂದ ಒಂದು ಗೇಣು ದೂರಕ್ಕೆ, ಎಡಪಾದ ತಾನಾಗಿ ಹೋಗಿ ಬೀಳುವ ಕಡೆಗೆ, ಆ ತುಂಡನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಬೆಟ್ಟ ಬಂದು ಒದ್ದರೂ ಅಲ್ಲಾಡಬಾರದು, ಹಾಗೆ. ಮಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ವಿಷಯ ಹೇಳಿದ ಮೇಲೆ ತಾನೇ ಟಾರ್ಚ್ ಹಿಡಿದಳು.

ಮರುದಿನ ಭಾನುವಾರ. ಬೆಳಗಾಗುತ್ತಲೇ ಎದ್ದು, ಶಾಲೆಯ ಹಳೇ ಗಾಡಿಯ ಖಾನೆಯಿಂದ ಸೀಮೆಸುಣ್ಣ ತೆಗೆದುಕೊಂಡು ಅಂಚೆ ಕಚೇರಿ ಸರ್ಕಲ್ಲಿಗೆ ನಡೆದೆ. ಇನ್ಸ್‌ಪೆಕ್ಟರನನ್ನು ಕೇಳಿ ಜಾಗ ಖಚಿತ ಮಾಡಿಕೊಂಡಿದ್ದೆ. ಅಂಚುಕಲ್ಲಿನ ಮೇಲೆ ಒಂದು ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು. ಆಮೇಲೆ ಮಗಳು ಕಾರು ತಂದಳು, ಮೇಡಂಗೆ ತರಕಾರಿ ತರೋಣ ಬಾ ಎಂದು ಸುಳ್ಳು ಹೇಳಿ ಹತ್ತಿಸಿಕೊಂಡೆವು. ಸರ್ಕಲ್ಲಿನಲ್ಲಿ ಗಾಡಿ ನಿಂತಿತು.

ಮೇಡಂ ಕಿಟಕಿಯಿಂದ ಕೆಳಗೆ ನೋಡಿದಳು. ಗೆರೆ ಕಂಡಿತು. ಮುಖ ಕೆಂಪಾಯಿತು.

"ಯಾರು ಹಾಕಿದ್ದು ಇದನ್ನ?"

"ನಾನು."

"ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ? ಆಗಲ್ಲ ಅಂದ್ರೆ ಆಗಲ್ಲ. ನನ್ನ ಕಾಲು ನನ್ನ ಮಾತು ಕೇಳಲ್ಲ, ಇಡೀ ಊರಿಗೇ ಗೊತ್ತಾಯ್ತಲ್ಲ, ಇನ್ನೇನ್ ಬೇಕು ನಿಮಗೆ?"

ಗಾಡಿಯೊಳಗೆ ಕೂತಿದ್ದೆನಲ್ಲ, ಶಿಷ್ಯನ ಹಾಗೆಯೇ ಮಾತಾಡಿದೆ. "ಮೇಡಂ, ನಾನು ನಾಲ್ಕು ಸಲ ಫೇಲಾದೋನು. ಒಂದೇ ಸಲ ಫೇಲಾದೋರು ನನ್ನ ಮುಂದೆ ಹೀಗೆಲ್ಲ ಅಳಬಾರದು. ಅವತ್ತು ಇಲ್ಲಿ ನಿಂತ್ಹೋಯ್ತು. ಇವತ್ತು ಇಲ್ಲಿಂದಲೇ ಶುರು."

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಬೈಗುಳವೂ ಇತ್ತು, ಇನ್ನೇನೋ ಇತ್ತು, ನಾನು ಬಿಡಿಸಿ ಹೇಳಲಾರೆ. ಆಮೇಲೆ ಇಳಿದು, ಸುತ್ತಿಕೊಂಡು ಹೋಗಿ, ಮಗಳನ್ನು ಎಬ್ಬಿಸಿ ಸ್ಟೀರಿಂಗ್ ಹಿಂದೆ ಕೂತಳು. ಎಡಗಾಲಿಗೆ ಮರದ ತುಂಡು ತಾಗಿತು.

"ಇದೇನ್ರೀ?"

"ಕ್ಲಚ್ಚು" ಎಂದೆ. "ಏನೂ ಕೆಲಸ ಮಾಡಲ್ಲ. ಎಷ್ಟು ಬೇಕಾದ್ರೂ ಒತ್ತಿ. ಆದ್ರೆ ಮೆಲ್ಲಗೆ, ಮಂಡಿ ಹೊಸದು."

ಅವಳು ಒತ್ತಿ ನೋಡಿದಳು. ಟಕ್. ಮತ್ತೆ ಒತ್ತಿದಳು. ನಗು ಬಂತು ಅವಳಿಗೆ. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹಿಂದಿನ ಸೀಟಿಗೆ ಬಂದಿದ್ದ ಮಗಳು ನನ್ನ ಕೈ ಹಿಂಡಿದಳು.

ಅವತ್ತು ಆ ಸರ್ಕಲ್ಲನ್ನು ಮೂವತ್ತೊಂದು ಸುತ್ತು ಹಾಕಿದೆವು. ಮೂರನೆಯ ಸುತ್ತಿನಲ್ಲಿ ಒಮ್ಮೆ ಕಾಲು ಬ್ರೇಕಿಗೆ ಹೋಯಿತು, ಏಳನೆಯದರಲ್ಲಿ ಇನ್ನೊಮ್ಮೆ. ಆಮೇಲೆ ಹೋಗಲಿಲ್ಲ. ನಿಲ್ಲಿಸಬೇಕಾದಾಗ ಬಲಗಾಲು ಬ್ರೇಕ್ ಒತ್ತುತ್ತಿತ್ತು, ಎಡಗಾಲು ತನ್ನ ಮರವನ್ನು ಒತ್ತುತ್ತಿತ್ತು, ಗಾಡಿ ಸದ್ದಿಲ್ಲದೆ ನಿಲ್ಲುತ್ತಿತ್ತು. ಅಂಚೆ ಕಚೇರಿಯ ಕಾವಲುಗಾರ ಕುರ್ಚಿ ಹೊರಗೆ ಹಾಕಿಕೊಂಡು ಕೂತು ನೋಡಿದ.

ಹನ್ನೊಂದು ದಿನ ಅಭ್ಯಾಸ ಮಾಡಿ ಎರಡನೆಯ ಟೆಸ್ಟಿಗೆ ಹೋದಳು. ಅದೇ ಇನ್ಸ್‌ಪೆಕ್ಟರ್. ಹತ್ತುವ ಮುಂಚೆ ಬಗ್ಗಿ ಮರದ ತುಂಡನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ.

"ಇದೇನು ಮೇಡಂ?"

"ನನ್ನ ಕಾಲಿನ ಕುರ್ಚಿ. ನಮ್ಮ ಮನೆಯವರು ಮಾಡಿದ್ದು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ನಲವತ್ತು ನಿಮಿಷ ನಲವತ್ತು ವರ್ಷದ ಹಾಗಿತ್ತು. ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಹಿಸುಕಿ ಹಿಸುಕಿ ಪುಡಿ ಮಾಡಿದ್ದೆ. ಗಾಡಿ ಬಂತು. ಈ ಸಲ ಇನ್ಸ್‌ಪೆಕ್ಟರ್ ಹಣೆ ಉಜ್ಜಿಕೊಳ್ಳಲಿಲ್ಲ. "ಸಂಜೆ ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ" ಎಂದು ನನಗೆ ಕೈಕೊಟ್ಟು ಹೋದ. ನಾನು ಅಲ್ಲೇ, ಸಾರಿಗೆ ಕಚೇರಿಯ ಜನರೆದುರಿಗೇ, ಕಣ್ಣೊರಸಿಕೊಂಡೆ. ಮುಖವೆಲ್ಲ ಸುಣ್ಣವಾಯಿತು.

ಮೇಡಂ ನೇರವಾಗಿ ಮನೆಗೆ ಬರಲಿಲ್ಲ. ಬೀದಿಯ ಕೊನೆಯಲ್ಲಿ ಟೈಲರಮ್ಮನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. ಟೈಲರಮ್ಮ ಮಿಷನ್ ತುಳಿಯುತ್ತಿದ್ದಳು, ಬಲಗಾಲೊಂದರಲ್ಲೇ. ಮೇಡಂ ಬಾಗಿಲಲ್ಲಿ ನಿಂತು, "ಅವತ್ತು ನಿನಗೆ ಹಲಗೆ ತೋರಿಸಿ ಕಳಿಸಿಬಿಟ್ಟೆ. ತಪ್ಪು ಮಾಡಿದೆ ಕಣಮ್ಮ. ಸೋಮವಾರ ಬೆಳಿಗ್ಗೆ ಏಳಕ್ಕೆ ಬಾ" ಎಂದಳು.

ಟೈಲರಮ್ಮ ಮಿಷನ್ ನಿಲ್ಲಿಸಿದಳು. "ಏಳಕ್ಕೆ ನೀರು ಬರುತ್ತೆ ಮೇಡಂ. ಏಳೂವರೆಗೆ ಬರ್ಲಾ?"

"ಏಳೂವರೆಗೇ ಬಾ" ಎಂದಳು ಮೇಡಂ. ಹೊತ್ತಿನ ವಿಷಯದಲ್ಲಿ ಅವಳು ಯಾರಿಗೂ ಹಾಗೆ ಬಿಟ್ಟುಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಶಾಲೆಯ ಹಳೇ ಗಾಡಿ ಹೋಗಿ ಆಟೋಮ್ಯಾಟಿಕ್ ಬಂತು. ಎಡಗಡೆಯ ಸೀಟಿನ ಕೆಳಗೆ ಈಗ ಬಲಗಾಲಿಗೆ ಒಂದೇ ಬ್ರೇಕು, ಎಡಗಾಲಿಗೆ ನನ್ನ ಮರದ ತುಂಡು, ಸ್ಟೀರಿಂಗ್ ಕಡೆಗೂ ಅಂಥದ್ದೇ ಇನ್ನೊಂದು. ಹಲಗೆಯನ್ನು ಇಳಿಸಿ ಹಿಂದುಮುಂದು ಮಾಡಿ, ಖಾಲಿ ಬದಿಯಲ್ಲಿ ಪಾಠದ ಹೊತ್ತು ಬರೆದಳು. ಟೈಲರಮ್ಮ ಮೊದಲ ಟೆಸ್ಟಿಗೇ ಪಾಸಾದಳು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ?

ಆಮೇಲೆ ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಮೇಡಂ ಬಂದಳು. "ಹತ್ತಿ" ಎಂದಳು. ಯಾವುದೋ ಗಡಿಯಾರ ತರುವುದಿದೆಯೇನೋ ಎಂದುಕೊಂಡು ಹಿಂದಿನ ಬಾಗಿಲಿಗೆ ಕೈಹಾಕಿದೆ. "ಮುಂದೆ ಕೂತ್ಕೊಳಿ" ಎಂದಳು. ಕೂತೆ. ಗಾಡಿ ಪೇಟೆ ದಾಟಿತು, ಶಾಲೆ ದಾಟಿತು, ಏರು ಹತ್ತತೊಡಗಿತು. ನೀರಿನ ಟ್ಯಾಂಕಿನ ಏರು. ಅರ್ಧಕ್ಕೆ ಬಂದು ನಿಲ್ಲಿಸಿದಳು. ಹೊಸ ಮಂಡಿಯನ್ನು ಜೋಪಾನ ಮಾಡಿಕೊಂಡು ಇಳಿದು, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಅಂಚುಕಲ್ಲುಗಳನ್ನು ನೋಡಿ, ಮತ್ತೆ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ಒಂದು ಗೆರೆ ಎಳೆದಳು. ಆಮೇಲೆ ಗಾಡಿಯನ್ನು ಆ ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದಳು.

"ನೀವು ನಿಂತಿದ್ದು ಇಲ್ಲಿ. ಆ ವಿದ್ಯುತ್ ಕಂಬದಿಂದ ಮೂರನೇ ಕಲ್ಲು" ಎಂದಳು. ಕೈಚೀಲದಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಕಲಿಯುವವರ ಲೈಸೆನ್ಸ್, ನನ್ನ ಹೆಸರಿನಲ್ಲಿ. ಮೊನ್ನೆ ಏನೋ ಅರ್ಜಿಗೆ ಸಹಿ ಹಾಕಿಸಿಕೊಂಡಿದ್ದಳು, ಓದದೆ ಸಹಿ ಹಾಕುವುದು ನನ್ನ ಹಳೇ ಚಾಳಿ.

"ಫೋಟೊ ಯಾವಾಗ ತೆಗೆಸ್ದೆ?" ಎಂದೆ, ಗಾಬರಿಯಲ್ಲಿ ಗಾಡಿಯೊಳಗಿದ್ದೇನೆ ಎನ್ನುವುದನ್ನೂ ಮರೆತು.

"ಮಗಳ ಮದುವೇದು ಕತ್ತರಿಸಿದೆ. ಇಳೀರಿ, ಈ ಕಡೆ ಬನ್ನಿ."

"ಮೇಡಂ, ನನಗೆ ಅರವತ್ತಾರು."

"ಗೊತ್ತು. ನಾಳೆ ಶುರು ಅಂದಿದ್ದೆ, ಮೂವತ್ತೊಂಬತ್ತು ವರ್ಷ ತಡ ಆಯ್ತು. ನನ್ನ ಶಾಲೇಲಿ ಬಾಕಿ ಉಳಿದಿರೋ ಗೆರೆ ಇದೊಂದೇ."

ಸ್ಟೀರಿಂಗ್ ಹಿಂದೆ ಕೂತೆ. ಎದುರಿಗೆ ಏರು, ಹಿಂದೆ ಇಳಿಜಾರು, ಎಲ್ಲ ಅವತ್ತಿನ ಹಾಗೆಯೇ.

"ಬಲಗಾಲು ಎಲ್ಲಿದೆ?"

"ಬ್ರೇಕ್ ಮೇಲೆ, ಮೇಡಂ."

"ಎಡಗಾಲು?"

"ಸುಮ್ಮನಿದೆ."

"ಸುಮ್ಮನೇ ಇರ್ಲಿ. ಅದರ ಕೆಲಸ ನಾನು ನೋಡ್ಕೋತೀನಿ. ಹೂಂ, ಹೊರಡಿ."

ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೆಲ್ಲಗೆ ಒತ್ತಿದೆ. ಪಕ್ಕದ ಸೀಟಿನ ಕೆಳಗಿನಿಂದ ಟಕ್ ಎಂದು ಮರದ ಸದ್ದು ಕೇಳಿಸಿತು. ಗಾಡಿ ಹಿಂದಕ್ಕೆ ಜಾರಲಿಲ್ಲ, ಆಫ್ ಆಗಲಿಲ್ಲ. ವಿದ್ಯುತ್ ಕಂಬ ದಾಟಿತು, ಟ್ಯಾಂಕು ಹತ್ತಿರ ಬಂತು. ಅವಳ ಮುಖ ನೋಡಬೇಕು ಎಂದು ಜೀವ ಹಾತೊರೆಯುತ್ತಿತ್ತು. ನೋಡಲಿಲ್ಲ. ಕಣ್ಣು ರಸ್ತೆಯ ಮೇಲಿರಲಿ ಎಂದು ಕಲಿಸಿದವಳು ಅವಳೇ.